ಹುಲ್ಲಿನ ಬದುವಿನಿಂದ ಹತ್ತಿದ ಜ್ವರ

ನಮ್ಮದು ಮಳವಳ್ಳಿ ತಾಲ್ಲೂಕಿನ ಹಲಗೂರು ಕಡೆಯ ಊರು. ಮಂಡ್ಯ ಜಿಲ್ಲೆ ಅಂದರೆ ಹೊರಗಿನವರು ನಾಲೆ, ಕಬ್ಬು, ಭತ್ತ ಅಂದುಕೊಳ್ಳುತ್ತಾರೆ. ನಮ್ಮೂರಿಗೆ ನಾಲೆ ನೀರು ಬಂದಿಲ್ಲ. ಮೂರೂವರೆ ಎಕರೆ ಹೊಲ. ರಾಗಿ, ಅಕ್ಕಡಿ ಸಾಲಿಗೆ ಅವರೆ ತೊಗರಿ, ಹಿಂಗಾರಿಗೆ ಹುರುಳಿ. ಜೊತೆಗೆ ಹನ್ನೊಂದು ಬಂಡೂರು ಕುರಿ. ನಾನು ಓದಿದ್ದು ಏಳನೇ ಕ್ಲಾಸು. ಕಾಯಿಲೆ ವಿಷಯ ಬರೆಯೋದಕ್ಕೆ ನಾನು ಡಾಕ್ಟರಲ್ಲ. ಆದರೆ ಈ ಕಾಯಿಲೆ ಹತ್ತುವುದು ನಮ್ಮ ಹೊಲದ ಬದುವಿನಲ್ಲೇ, ಹುಲ್ಲು ಕುಯ್ಯುವಾಗ, ರಾಗಿ ಕುಯ್ಲಿನ ಕಾಲದಲ್ಲೇ. ಅದಕ್ಕೇ ಇದು ರೈತರ ಪತ್ರಿಕೆಯಲ್ಲಿ ಬರಬೇಕಾದ ವಿಷಯ ಅಂತ ನನಗೆ ಅನ್ನಿಸಿತು. ಇಲ್ಲಿ ಬರೆದಿರುವುದರಲ್ಲಿ ಅರ್ಧ ನಾವು ಅನುಭವಿಸಿದ್ದು. ಉಳಿದರ್ಧ ಡಾಕ್ಟರು ಹೇಳಿದ್ದು ಮತ್ತು ಮದ್ದೂರಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನಮ್ಮಕ್ಕನ ಮಗ ಓದಿ ಬಿಡಿಸಿ ಹೇಳಿದ್ದು.

2022ರಲ್ಲಿ ನಮ್ಮ ಕಡೆ ಮಳೆ ಹೆಚ್ಚು. ರಾಗಿಗಿಂತ ಬದುವಿನ ಹುಲ್ಲೇ ಎತ್ತರ ಬಂದಿತ್ತು. ನನ್ನ ಹೆಂಡತಿ ದಿನಾ ಮಧ್ಯಾಹ್ನ ಕುಡುಗೋಲು ಹಿಡಿದು ತೆವರಿ ಮೇಲೆ ಕೂತು ಕುರಿಗೆ ಹುಲ್ಲು ಕುಯ್ಯುತ್ತಿದ್ದಳು. ದೀಪಾವಳಿ ಕಳೆದು ಹತ್ತು ಹನ್ನೆರಡು ದಿನಕ್ಕೆ ಅವಳಿಗೆ ಜ್ವರ ಬಂತು. ಚಳಿ, ತಲೆ ಸಿಡಿತ, ಸೊಂಟ ಕೀಲೆಲ್ಲ ಹಿಡಿದುಕೊಂಡ ಹಾಗೆ. ಮಳೇಲಿ ನೆಂದಿದ್ದಕ್ಕೆ ಅಂದುಕೊಂಡೆವು. ಮೂರು ದಿನ ಅಂಗಡಿ ಮಾತ್ರೆ, ಮೆಣಸಿನ ಕಷಾಯ. ಮಾತ್ರೆ ನುಂಗಿದಾಗ ಇಳಿಯೋದು, ಮತ್ತೆ ಏರೋದು.

ನಾಲ್ಕನೇ ದಿನ ಹತ್ತಿರದ ಕ್ಲಿನಿಕ್ಕಿಗೆ ಕರಕೊಂಡು ಹೋದೆ. ರಕ್ತ ನೋಡಿ ಟೈಫಾಯಿಡ್ ಅಂದರು. ಬೆಳಿಗ್ಗೆ ಸಾಯಂಕಾಲ ಇಂಜೆಕ್ಷನ್, ಮಧ್ಯೆ ಗ್ಲೂಕೋಸು. ಜ್ವರ ಜಗ್ಗಲಿಲ್ಲ. ಆರನೇ ದಿನ ಪ್ಲೇಟ್‌ಲೆಟ್ ಇಳಿದಿದೆ, ಡೆಂಗೆ ಇದ್ದರೂ ಇರಬಹುದು ಅಂದರು. ಊರವರೆಲ್ಲ ಪರಂಗಿ ಎಲೆ ರಸ ಕುಡಿಸಿ ಅಂದರು, ಅದನ್ನೂ ಕುಡಿಸಿದೆ, ಪೂರಾ ವಾಂತಿ ಮಾಡಿಕೊಂಡಳು. ಎಂಟನೇ ದಿನಕ್ಕೆ ಕಣ್ಣು ಹಳದಿ. ಒಂಬತ್ತನೇ ದಿನ ಬೆಳಗಾಗುವಾಗ ಉಸಿರು ಎಳೆಯಲು ಶುರು ಮಾಡಿದಳು, ಮಾತು ಅಡ್ಡಾದಿಡ್ಡಿ. ತೀರಿಹೋದ ನಮ್ಮತ್ತೆಯ ಹೆಸರು ಹಿಡಿದು ಕೂಗುತ್ತಿದ್ದಳು. ನನಗೆ ಕೈಕಾಲು ಬಿದ್ದುಹೋಯಿತು. ಪಕ್ಕದ ಮನೆಯವರ ಕಾರಿನಲ್ಲಿ ಹಾಕಿಕೊಂಡು ಮಂಡ್ಯಕ್ಕೆ ಹೋದೆವು.

ಅಲ್ಲಿ ನೋಡಿದವರು ಒಬ್ಬ ಎಳೇ ವಯಸ್ಸಿನ ಡಾಕ್ಟ್ರಮ್ಮ. ಬಾಯಿಗೆ ಆಕ್ಸಿಜನ್ ಹಾಕಿಸಿ, ನನ್ನನ್ನು ಕೇಳಿದ ಮೊದಲನೇ ಮಾತು, "ಹೊಲದ ಕೆಲ್ಸ ಮಾಡ್ತಾರಾ? ಹುಲ್ಲು ಕುಯ್ತಾರಾ?" ಹೂಂ ಅಂದೆ. ನನ್ನನ್ನು ಹೊರಗೆ ಕಳಿಸಿ ಪರದೆ ಎಳೆದರು. ಕಾಲು ಗಂಟೆ ಬಿಟ್ಟು ಕರೆದು ತೋರಿಸಿದರು. ಎಡಪಕ್ಕೆಯ ಕೆಳಗೆ, ಲಂಗದ ಲಾಡಿ ಕಟ್ಟುವ ಜಾಗದಲ್ಲಿ, ಕಾಲಾಣೆ ಅಗಲಕ್ಕೂ ಕಡಿಮೆಯ ಒಂದು ಕಪ್ಪು ಹಕ್ಕಳೆ. ಬೀಡಿ ಬೆಂಕಿ ತಗುಲಿ ಸುಟ್ಟ ಹಾಗಿತ್ತು, ಸುತ್ತ ಸಣ್ಣಗೆ ಕೆಂಪು. "ಇದು ಯಾವಾಗ ಆಯ್ತಮ್ಮ?" ಅಂದಿದ್ದಕ್ಕೆ ಇವಳು ಆ ನಿಶ್ಶಕ್ತಿಯಲ್ಲೂ, "ಅದೇನ್ ಬುಡವ್ವ, ಏನೋ ಕಡ್ದಿರ್ಬೇಕು. ನೋಯಾಕಿಲ್ಲ, ಕೆರಿಯಾಕಿಲ್ಲ" ಅಂದಳು.

ನೋಯದ, ಕೆರೆಯದ ಆ ಕಲೆಯೇ ಕಾಯಿಲೆಯ ಗುರುತು. ಒಂಬತ್ತು ದಿನ ಅದು ಅವಳ ಮೈಮೇಲೇ ಇತ್ತು. ಅವಳಿಗೆ ಗೊತ್ತಿತ್ತು, ಯಾರೂ ಕೇಳಲಿಲ್ಲ, ಅವಳಾಗಿ ಹೇಳಲೂ ಇಲ್ಲ. ಸೊಂಟ ಬಿಚ್ಚಿ ತೋರಿಸುವುದೆಂದರೆ ನಮ್ಮ ಹೆಂಗಸರಿಗೆ ಎಂಥ ನಾಚಿಕೆ ಅಂತ ನಿಮಗೇ ಗೊತ್ತು. ಮೂವತ್ತು ವರ್ಷ ಜೊತೇಲಿ ಬಾಳಿದ ನಾನೂ ನೋಡಿರಲಿಲ್ಲ.

ಕಾಯಿಲೆಯ ಹೆಸರು ಸ್ಕ್ರಬ್ ಟೈಫಸ್. ಸ್ಕ್ರಬ್ ಅಂದರೆ ಕುರುಚಲು ಪೊದೆ. ಟೈಫಸ್ ಬೇರೆ, ಟೈಫಾಯಿಡ್ ಬೇರೆ. ಹೆಸರು ಹತ್ತಿರ ಇರುವುದರಿಂದ ಊರಲ್ಲಿ ಈಗಲೂ "ಅವಳಿಗೆ ಟೈಫಾಯಿಡ್ ಜೋರಾಗಿತ್ತು" ಅಂತಲೇ ಹೇಳುತ್ತಾರೆ. ಟೈಫಾಯಿಡ್ ಕೆಟ್ಟ ನೀರು, ಕೆಟ್ಟ ಊಟದಿಂದ ಬರುವುದು. ಇದು ಹುಳ ಕಡಿದು ಬರುವುದು.

ಕಣ್ಣಿಗೆ ಕಾಣದ ನುಸಿ

ತೆಂಗಿಗೆ ನುಸಿ ಪೀಡೆ ಬಂದು ಕಾಯೆಲ್ಲ ಮುರುಟಿದ್ದನ್ನು ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಇದೂ ನುಸಿಯ ಜಾತಿಯೇ, ಬೇರೆ ಕುಲ. ಮೊದಲ ಮಳೆ ಬಿದ್ದಾಗ ಹೊಲದಲ್ಲಿ ಕೆಂಪು ಮಖಮಲ್ಲಿನ ಹುಳ ಓಡಾಡುತ್ತದಲ್ಲ, ಅದರ ಹತ್ತಿರದ ಬಳಗ. ಮಣ್ಣಿನಲ್ಲಿರುವ ದೊಡ್ಡ ನುಸಿ ನಮಗೇನೂ ಮಾಡುವುದಿಲ್ಲ, ಸಣ್ಣಪುಟ್ಟ ಹುಳಗಳ ಮೊಟ್ಟೆ ತಿಂದುಕೊಂಡಿರುತ್ತದೆ. ಕಡಿಯುವುದು ಅದರ ಮರಿ. ಆರು ಕಾಲಿನ ಈ ಮರಿ ಕಾಲು ಮಿಲಿಮೀಟರಿನಷ್ಟು. ಒಂದು ರಾಗಿ ಕಾಳಿನ ಅಗಲಕ್ಕೆ ಐದಾರು ಮರಿ ಸಾಲಾಗಿ ನಿಲ್ಲಬಹುದು. ಹುಲ್ಲಿನ ತುದಿಗೆ ಹತ್ತಿ ಕಾದಿರುತ್ತದೆ. ಇಲಿ ಹೋದರೆ ಇಲಿಗೆ, ಮನುಷ್ಯ ಕೂತರೆ ಮನುಷ್ಯನಿಗೆ ಹತ್ತುತ್ತದೆ.

ಹತ್ತಿದ ಕೂಡಲೇ ಕಡಿಯುವುದಿಲ್ಲ. ಮೇಲೆ ಹರಿದು ಬಟ್ಟೆ ಬಿಗಿಯಾಗಿರುವ ಕಡೆ, ಚರ್ಮ ಮೆತ್ತಗಿರುವ ಕಡೆ ಹೋಗಿ ನಿಲ್ಲುತ್ತದೆ. ಹೆಂಗಸರಿಗೆ ಲಂಗದ ಲಾಡಿ, ರವಿಕೆಯ ಅಂಚು, ಎದೆಯ ಕೆಳಗೆ. ಗಂಡಸರಿಗೆ ಉಡಿದಾರದ ಕೆಳಗೆ, ಚಡ್ಡಿಯ ಪಟ್ಟಿ, ತೊಡೆ ಸಂದು. ಕಂಕುಳು, ಮಂಡಿಯ ಹಿಂದೆ, ಕಿವಿಯ ಹಿಂದೆಯೂ ಆಗಬಹುದು. ಅಲ್ಲಿ ಕಚ್ಚಿಕೊಂಡು ಎರಡು ಮೂರು ದಿನ ಇದ್ದು, ಹೊಟ್ಟೆ ತುಂಬಿದ ಮೇಲೆ ಉದುರಿ ಮಣ್ಣು ಸೇರುತ್ತದೆ. ಕಚ್ಚಿದ್ದೇ ಗೊತ್ತಾಗುವುದಿಲ್ಲ.

ಎಲ್ಲ ಮರಿಯಲ್ಲೂ ರೋಗಾಣು ಇರುವುದಿಲ್ಲ. ಮರಿ ಇಡೀ ಜೀವನದಲ್ಲಿ ಕಡಿಯುವುದು ಒಂದೇ ಸಲ. ಹಾಗಾದರೆ ರೋಗಾಣು ಅದಕ್ಕೆ ಎಲ್ಲಿಂದ ಬಂತು? ತಾಯಿಯಿಂದ, ಮೊಟ್ಟೆಯ ಮೂಲಕ. ಬೀಜದಲ್ಲೇ ರೋಗ ಇದ್ದ ಹಾಗೆ. ಅದಕ್ಕೇ ಒಂದು ಬದುವಿನಲ್ಲಿ ಕಾಟ ಇದ್ದು ಪಕ್ಕದ ಬದುವಿನಲ್ಲಿ ಇಲ್ಲದೆ ಇರಬಹುದು. ಜಾಗ ಹಿಡಿದು ಕೂರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ನಮ್ಮ ಮನೆಗೆ ಬರುವುದಕ್ಕೆ ಎರಡು ತಿಂಗಳು ಹೆದರಿಕೊಂಡವರು ಇದ್ದಾರೆ, ಅವರಿಗಾಗಿ ಈ ಮಾತು.

ಈ ಕಾಯಿಲೆಯನ್ನು ಮೊದಲು ಸರಿಯಾಗಿ ಗುರುತಿಸಿದವರು ಜಪಾನಿನವರು. ಅಲ್ಲಿಯೂ ಹೊಳೆ ದಡದ ರೈತರಿಗೇ ಬರುತ್ತಿತ್ತಂತೆ. ರೋಗಾಣುವಿನ ಹೆಸರಿನಲ್ಲಿರುವ ತ್ಸುತ್ಸುಗಮುಶಿ ಅನ್ನುವುದು ಜಪಾನಿ ಮಾತೇ, ಮುಶಿ ಅಂದರೆ ಹುಳ. ಎರಡನೇ ಮಹಾಯುದ್ಧದಲ್ಲಿ ಅಸ್ಸಾಂ, ಬರ್ಮಾ ಗಡಿಯ ಕಾಡಿನಲ್ಲಿ ಬಹಳ ಜನ ಸಿಪಾಯಿಗಳಿಗೆ ಹತ್ತಿತ್ತು. ಆಗ ಔಷಧಿ ಇರಲಿಲ್ಲ. 1948ರಲ್ಲಿ ಮಲಯಾದಲ್ಲಿ ಮೊದಲ ಸಲ ಕ್ಲೋರಾಂಫೆನಿಕಾಲ್ ಕೊಟ್ಟು ಗುಣ ಮಾಡಿದರು.

ಮೈಯೊಳಗೆ ಏನು ಮಾಡುತ್ತದೆ

ಮದ್ದೂರಿನ ಹತ್ತಿರ ನಮ್ಮಕ್ಕನಿಗೆ ಗದ್ದೆ ಇದೆ. ಗದ್ದೆಯ ಏರಿಗೆ ಏಡಿ ಬಿಲ ತೋಡಿದರೆ ಏನಾಗುತ್ತದೆ ಅಂತ ಗದ್ದೆಯವರಿಗೆ ಗೊತ್ತು. ಮೇಲೆ ನೋಡಿದರೆ ಏರಿ ಗಟ್ಟಿಯಾಗಿರುತ್ತದೆ, ಒಳಗೇ ನೀರು ಜಿನುಗಿ ಪಕ್ಕದ ತಾಕು ತುಂಬುತ್ತದೆ, ಈ ತಾಕು ಒಣಗುತ್ತದೆ. ಈ ರೋಗಾಣುವೂ ಹೀಗೇ. ಕಡಿದ ಜಾಗದಲ್ಲಿ ಮೊದಲು ಬೆಳೆದು ಅಲ್ಲಿನ ಚರ್ಮವನ್ನು ಸಾಯಿಸುತ್ತದೆ, ಅದೇ ಕಪ್ಪು ಹಕ್ಕಳೆ. ಅಲ್ಲಿಂದ ರಕ್ತ ಸೇರಿ, ಸಣ್ಣ ಸಣ್ಣ ರಕ್ತನಾಳಗಳ ಒಳಪದರದ ಜೀವಕೋಶದೊಳಗೆ ನುಗ್ಗಿ ಕೂರುತ್ತದೆ. ನಾಳ ಊದಿಕೊಂಡು ಸೋರಲು ಶುರುವಾಗುತ್ತದೆ.

ಸಣ್ಣ ರಕ್ತನಾಳ ಇಲ್ಲದ ಜಾಗ ಮೈಯಲ್ಲಿ ಇಲ್ಲ. ಅದಕ್ಕೇ ಈ ಕಾಯಿಲೆ ಒಬ್ಬೊಬ್ಬರಿಗೆ ಒಂದೊಂದು ಥರ ಕಾಣುತ್ತದೆ. ಶ್ವಾಸಕೋಶದಲ್ಲಿ ಸೋರಿದರೆ ಕೆಮ್ಮು, ದಮ್ಮು. ಲಿವರಿಗೆ ತಾಗಿದರೆ ಕಣ್ಣು ಹಳದಿ. ಕಿಡ್ನಿಗೆ ತಾಗಿದರೆ ಮೂತ್ರ ಕಮ್ಮಿ. ಮಿದುಳಿಗೆ ತಾಗಿದರೆ ಬಡಬಡಿಸುವುದು, ಮಂಪರು, ಫಿಟ್ಸು. ಕೆಲವರಿಗೆ ಕಿವಿ ಮಂದವಾಗುವುದೂ ಉಂಟು. ಹಕ್ಕಳೆಯ ಹತ್ತಿರದ ಸಂದಿನಲ್ಲಿ ಗಂಟು ಕಟ್ಟುತ್ತದೆ. ಪ್ಲೇಟ್‌ಲೆಟ್ ಇಳಿಯುತ್ತದೆ, ಅದನ್ನು ನೋಡಿಯೇ ಎಲ್ಲರೂ ಡೆಂಗೆ ಅಂದುಕೊಳ್ಳುವುದು. ನನ್ನ ಹೆಂಡತಿಗೆ ಲಿವರು, ಶ್ವಾಸಕೋಶ, ಮಿದುಳು ಮೂರಕ್ಕೂ ತಾಗಿತ್ತು. ಕಡಿದಂದಿನಿಂದ ಜ್ವರ ಕಾಣುವವರೆಗೆ ಸಾಮಾನ್ಯವಾಗಿ ಹತ್ತು ಹನ್ನೆರಡು ದಿನ, ಆರರಿಂದ ಇಪ್ಪತ್ತೊಂದು ದಿನದ ತನಕ ಹೆಚ್ಚುಕಮ್ಮಿ ಆಗಬಹುದು. ಮೊದಲ ವಾರ ಬರೀ ಜ್ವರ. ಎರಡನೇ ವಾರದಲ್ಲೇ ಅಪಾಯ. ನಾವು ಆ ಮೊದಲ ವಾರವನ್ನು ಟೈಫಾಯಿಡ್ ಇಂಜೆಕ್ಷನ್ನಿಗೆ ಕೊಟ್ಟೆವು.

ಆ ಇಂಜೆಕ್ಷನ್ ಯಾಕೆ ಹಿಡಿಯಲಿಲ್ಲ ಅಂತ ಆಮೇಲೆ ಕೇಳಿ ತಿಳಿದುಕೊಂಡೆ. ಪೆನಿಸಿಲಿನ್ ಮತ್ತು ಟೈಫಾಯಿಡ್‌ಗೆ ಸಾಮಾನ್ಯವಾಗಿ ಕೊಡುವ ಸೆಫ್ಟ್ರಿಯಾಕ್ಸೋನ್ ಥರದ ಔಷಧಿಗಳು ಜೀವಕೋಶದ ಒಳಗೆ ಅಡಗಿ ಕೂತ ಈ ರೋಗಾಣುವಿಗೆ ಕೆಲಸ ಮಾಡುವುದಿಲ್ಲ. ಎಷ್ಟು ದುಬಾರಿಯದು ಹಾಕಿದರೂ ಅಷ್ಟೆ.

ಪತ್ತೆ ಮಾಡುವುದು ಹೇಗೆ

ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮಗೆ ಮೋಸವಾದದ್ದು ಇಲ್ಲೇ.

ನಮ್ಮ ಕಡೆ ಜ್ವರ ಅಂದರೆ ರಕ್ತ ಕೊಟ್ಟು ಚೀಟಿ ಕಾಯುವುದು ರೂಢಿ. ವಿಡಾಲ್ ಅಂತ ಒಂದು ಪರೀಕ್ಷೆ, ಟೈಫಾಯಿಡ್‌ಗೆ ಮಾಡುವುದು. ಅದು ರೋಗಾಣುವನ್ನು ತೋರಿಸುವುದಿಲ್ಲ, ರೋಗಾಣುವಿನ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು ತೋರಿಸುತ್ತದೆ. ಹಿಂದೆ ಯಾವತ್ತೋ ಟೈಫಾಯಿಡ್ ಬಂದು ಹೋಗಿದ್ದರೂ ಅದು ಪಾಸಿಟಿವ್ ಅನ್ನಬಹುದು. ಒಂದು ಸಲದ ವಿಡಾಲ್ ನೋಡಿ ತೀರ್ಮಾನ ಮಾಡುವುದು ಕಷ್ಟ ಅಂತ ಅಳಿಯ ಹೇಳುತ್ತಾನೆ. ಅವನೇ ದಿನಾ ಅದನ್ನು ಮಾಡುವವನು.

ಸ್ಕ್ರಬ್ ಟೈಫಸ್‌ಗೂ ಒಂದು ಹಳೇ ಪರೀಕ್ಷೆ ಇದೆ, ವೀಲ್ ಫೆಲಿಕ್ಸ್ ಅಂತ. 1916ರ ಕಾಲದ್ದು. ಕಡಿಮೆ ಖರ್ಚಿನದು, ಆದರೆ ಕಾಯಿಲೆ ಇದ್ದವರಲ್ಲಿ ಎಷ್ಟೋ ಸಲ ಇಲ್ಲ ಅಂದುಬಿಡುತ್ತದೆ. ಈಗ ನಂಬಿಕೆಯಿಂದ ಮಾಡುವುದು ಐಜಿಎಂ ಎಲೈಸಾ. ಇದೂ ಪ್ರತಿಕಾಯದ ಪರೀಕ್ಷೆಯೇ. ಪ್ರತಿಕಾಯ ರಕ್ತದಲ್ಲಿ ತೋರುವ ಹೊತ್ತಿಗೆ ಮೊದಲ ವಾರ ಮುಗಿಯುತ್ತ ಬಂದಿರುತ್ತದೆ. ಮೂರನೇ ದಿನ ರಕ್ತ ಕೊಟ್ಟು ನೆಗೆಟಿವ್ ಬಂತು ಅಂತ ನಿಶ್ಚಿಂತೆಯಿಂದ ಮನೆಗೆ ಬರುವ ಹಾಗಿಲ್ಲ. ಬಿತ್ತಿದ ಮೂರನೇ ದಿನಕ್ಕೇ ಹೊಲ ನೋಡಿ ಬೀಜ ಹುಟ್ಟಿಲ್ಲ ಅಂದರೆ ಹೇಗೆ? ಪಿಸಿಆರ್ ಅನ್ನುವ ಪರೀಕ್ಷೆ ರೋಗಾಣುವನ್ನೇ ಹುಡುಕುತ್ತದೆ, ಮೊದಲ ದಿನಗಳಲ್ಲೂ ಸಿಗಬಹುದು. ಹಕ್ಕಳೆಯ ಚೂರಿನಿಂದಲೂ ಮಾಡುತ್ತಾರೆ. ಆದರೆ ಎಲ್ಲ ಕಡೆ ಸಿಗುವಂಥದ್ದಲ್ಲ.

ಹಾಗಾಗಿ ಕಣ್ಣೇ ಮೊದಲ ಪರೀಕ್ಷೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2015ರಲ್ಲಿ ಡಾಕ್ಟರುಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ, ಕಾರಣ ತಿಳಿಯದ ಜ್ವರ ಐದು ದಿನ ದಾಟಿದರೆ ಈ ಕಾಯಿಲೆಯ ಅನುಮಾನ ಪಡಬೇಕು, ಹಕ್ಕಳೆ ಕಂಡರೆ ಐದು ದಿನವೂ ಕಾಯಬೇಕಿಲ್ಲ ಅಂತ ಇದೆ. ಅನುಮಾನ ಬಲವಾಗಿದ್ದರೆ ರಕ್ತದ ಚೀಟಿ ಬರುವ ಮೊದಲೇ ಔಷಧಿ ಶುರು ಮಾಡುತ್ತಾರೆ. ನಮ್ಮ ಡಾಕ್ಟ್ರಮ್ಮನೂ ಹಾಗೇ ಮಾಡಿದರು. ಎಲೈಸಾ ವರದಿ ಬರುವಷ್ಟರಲ್ಲಿ ಇವಳ ಜ್ವರ ಇಳಿದಿತ್ತು.

ಹಕ್ಕಳೆ ಎಲ್ಲರಿಗೂ ಆಗುವುದಿಲ್ಲ. ನಮ್ಮಂಥ ಕಪ್ಪು ಮೈಯವರಲ್ಲಿ ಕಂಡುಹಿಡಿಯುವುದೂ ಕಷ್ಟ. ಕಂಕುಳು, ತೊಡೆ ಸಂದಿನಂಥ ಬೆವರುವ ಜಾಗದಲ್ಲಿ ಕಪ್ಪು ಸಿಪ್ಪೆ ನಿಲ್ಲದೆ ಬರೀ ಬಿಳಿಚಿಕೊಂಡ ಸಣ್ಣ ಹುಣ್ಣಿನ ಹಾಗಿರಬಹುದು. ಕಾಣಲಿಲ್ಲ ಅಂದ ಮಾತ್ರಕ್ಕೆ ಈ ಕಾಯಿಲೆ ಇಲ್ಲ ಅಂತ ಅಲ್ಲ. ಕಂಡರೆ ಮಾತ್ರ ಅದಕ್ಕಿಂತ ದೊಡ್ಡ ಸುಳಿವು ಇಲ್ಲ. ನೆತ್ತಿಯಿಂದ ಅಂಗಾಲಿನವರೆಗೆ ಬೆಳಕಿನಲ್ಲಿ ನೋಡಬೇಕು. ಹೆಂಗಸರಿಗೆ ಮಗಳೋ, ಅಕ್ಕತಂಗಿಯೋ ನೋಡಲಿ. ಡಾಕ್ಟರ ಮುಂದೆ "ಮೈ ಮೇಲೆ ಒಂದು ಕಲೆ ಇದೆ, ಹುಲ್ಲು ಕುಯ್ಯುತ್ತಿದ್ದೆ" ಅಂತ ನಾವಾಗಿಯೇ ಹೇಳಬೇಕು. ಅರವತ್ತು ಜನ ಸಾಲಿನಲ್ಲಿ ನಿಂತಿರುವಾಗ ಡಾಕ್ಟರಿಗೆ ಎಲ್ಲರ ಬಟ್ಟೆ ಬಿಚ್ಚಿಸಿ ನೋಡಲು ಪುರಸೊತ್ತು ಎಲ್ಲಿ ಬರಬೇಕು?

ಔಷಧಿ

ಔಷಧಿ ಡಾಕ್ಸಿಸೈಕ್ಲಿನ್. ಹಳೇದು, ಅಗ್ಗದ್ದು, ಎಲ್ಲ ಅಂಗಡಿಯಲ್ಲೂ ಇರುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ 100 ಮಿಲಿಗ್ರಾಂ ಮಾತ್ರೆ ದಿನಕ್ಕೆ ಎರಡರಂತೆ ಏಳು ದಿನ. ಲೆಕ್ಕ ಹಾಕಿದರೆ ಹದಿನಾಲ್ಕು ಮಾತ್ರೆ. ಬಸುರಿಯರಿಗೆ ಇದರ ಬದಲು ಅಜಿತ್ರೋಮೈಸಿನ್ ಕೊಡುತ್ತಾರೆ. ಮಕ್ಕಳಿಗೆ ತೂಕ ನೋಡಿ ಕೊಡುತ್ತಾರೆ. ಸರಿಯಾದ ಔಷಧಿ ಬಿದ್ದರೆ ಹೆಚ್ಚಿನವರಿಗೆ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ಮಾತ್ರೆ ಊಟದ ಜೊತೆ, ಒಂದು ಚೊಂಬು ನೀರು ಕುಡಿದು ನುಂಗಬೇಕು, ನುಂಗಿ ತಕ್ಷಣ ಮಲಗಬಾರದು, ಗಂಟಲ ಕೆಳಗೆ ಅಂಟಿ ಉರಿಯುತ್ತದೆ. ಇದನ್ನು ಓದಿ ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಇದೇ ಕಾಲದಲ್ಲಿ ಬರುವ ಡೆಂಗೆ, ಇಲಿಜ್ವರ, ಮಲೇರಿಯಾಗಳನ್ನು ಬೇರ್ಪಡಿಸಿ ನೋಡುವುದು ಡಾಕ್ಟರ ಕೆಲಸ.

ತಡವಾಗಿ ಹೋದವರಿಗೆ ಹದಿನಾಲ್ಕು ಮಾತ್ರೆಯಲ್ಲಿ ಮುಗಿಯುವುದಿಲ್ಲ. ನನ್ನ ಹೆಂಡತಿಗೆ ಔಷಧಿಯನ್ನು ನರಕ್ಕೇ ಹಾಕಿದರು, ಐದು ದಿನ ಐಸಿಯು, ಒಟ್ಟು ಹದಿಮೂರು ದಿನ ಆಸ್ಪತ್ರೆ. 2023ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ನಮ್ಮ ದೇಶದ ಬೇರೆ ಆಸ್ಪತ್ರೆಗಳ ಜೊತೆ ಸೇರಿ ಮಾಡಿದ ಅಧ್ಯಯನ ಹೊರಬಂತು. ಕಾಯಿಲೆ ಉಲ್ಬಣಿಸಿದವರಿಗೆ ಡಾಕ್ಸಿಸೈಕ್ಲಿನ್, ಅಜಿತ್ರೋಮೈಸಿನ್ ಎರಡನ್ನೂ ನರದ ಮೂಲಕ ಒಟ್ಟಿಗೆ ಕೊಟ್ಟರೆ ಒಂದೊಂದನ್ನೇ ಕೊಡುವುದಕ್ಕಿಂತ ಹೆಚ್ಚು ಗುಣ ಅಂತ ಅದರಲ್ಲಿ ತಿಳಿದಿದೆ. ನಮ್ಮ ಖರ್ಚಿನ ಲೆಕ್ಕ ಹೇಳುವುದಾದರೆ, ಹೆಚ್ಚು ಹೋಗಿದ್ದು ಮೊದಲಿನ ಐದು ದಿನಕ್ಕೇ, ಅಂದರೆ ಹಿಡಿಯದ ಇಂಜೆಕ್ಷನ್ನಿಗೆ. ಎರಡು ಟಗರು ಮಾರಿದೆ. ಆ ವರ್ಷದ ರಾಗಿ ಕುಯ್ಯುವವರಿಲ್ಲದೆ ಹೊಲದಲ್ಲೇ ಅರ್ಧ ಉದುರಿತು.

ಎರಡನೇ ಸಲ

2024ರ ನವೆಂಬರಿನಲ್ಲಿ ನನ್ನ ತಮ್ಮನ ಮಗನಿಗೆ ಜ್ವರ ಬಂತು. ಇಪ್ಪತ್ತೆರಡರ ಹುಡುಗ, ಕುರಿ ಹೊಡಕೊಂಡು ಬಸವನ ಬೆಟ್ಟದ ಕಾಡಂಚಿಗೆ ಹೋಗುವವನು. ಮೂರನೇ ದಿನವೂ ಜ್ವರ ಬಿಡದಿದ್ದಾಗ ನನ್ನ ಹೆಂಡತಿಯೇ, "ಅವ್ನ ಮೈ ನೋಡ್ರಿ ಒಸಿ" ಅಂದಳು. ಹುಡುಗ ನಾಚಿಕೊಂಡು, "ಏನಿಲ್ಲ ಬುಡು ದೊಡಪ್ಪ" ಅಂತ ಗೋಡೆ ಕಡೆ ತಿರುಗಿ ಮಲಗಿದ. "ಸುಮ್ಕಿರ್ಲಾ" ಅಂತ ಗದರಿ ಅಂಗಿ ಬಿಚ್ಚಿಸಿದೆ. ಕಂಕುಳು, ಬೆನ್ನು, ಕಿವಿ ಹಿಂದೆ ಎಲ್ಲ ನೋಡಿದೆ, ಸಿಗಲಿಲ್ಲ. ಕೊನೆಗೆ ಬೆಳ್ಳಿ ಉಡಿದಾರ ಸರಿಸಿದರೆ, ಅದರ ಕೆಳಗೇ ಕೂತಿತ್ತು. ಅದೇ ಬೀಡಿ ಸುಟ್ಟಂಥ ಕಲೆ. ಅವತ್ತೇ ಮಳವಳ್ಳಿಗೆ ಕರಕೊಂಡು ಹೋಗಿ ಡಾಕ್ಟರಿಗೆ ಅದನ್ನೇ ಮೊದಲು ತೋರಿಸಿದೆ. ಅವರು ನೋಡಿದವರೇ ತಲೆ ಆಡಿಸಿ ಮಾತ್ರೆ ಬರೆದರು, ರಕ್ತವನ್ನೂ ಕಳಿಸಿದರು. ಮಾರನೇ ದಿನ ಸಾಯಂಕಾಲಕ್ಕೆ ಹುಡುಗ ಎದ್ದು ಮುದ್ದೆ ಉಂಡ. ಹದಿನಾಲ್ಕು ಮಾತ್ರೆಯಲ್ಲೇ ಮುಗಿಯಿತು. ಹಾಸಿಗೆಯ ಮೇಲೆ ಒಂದು ದಿನವೂ ಮಲಗಿಸಲಿಲ್ಲ.

ಉಣ್ಣೆಯಿಂದ ಬರುವ ಬೇರೆ ಜ್ವರಗಳು

ಕುರಿ, ದನ ಸಾಕಿದವರು ಕೇಳುತ್ತಾರೆ, ಉಣ್ಣೆ ಕಡಿದರೂ ಇದೇ ಬರುತ್ತಾ ಅಂತ. ಇದು ಬರುವುದಿಲ್ಲ, ಇದರ ದಾಯಾದಿ ಬರಬಹುದು. ಉಣ್ಣೆಯಿಂದ ಬರುವ ಟೈಫಸ್ ಜ್ವರದಲ್ಲಿ ಮೈಮೇಲೆ ಕೆಂಪು ಗುಳ್ಳೆ ಏಳುತ್ತದೆ, ಅಂಗೈ ಅಂಗಾಲಿಗೂ ಬರುತ್ತದೆ. ಅದಕ್ಕೂ ಔಷಧಿ ಡಾಕ್ಸಿಸೈಕ್ಲಿನ್ನೇ. ಮಲೆನಾಡಿನ ಮಂಗನ ಕಾಯಿಲೆಯೂ ಉಣ್ಣೆಯದ್ದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಅದು ಪತ್ತೆಯಾಯಿತು. 2012ರಲ್ಲಿ ನಮಗೆ ಹತ್ತಿರದ ಬಂಡೀಪುರದಲ್ಲೂ ಕಂಡಿತ್ತು. ಅದು ವೈರಸ್ಸಿನದು, ಅದಕ್ಕೆ ಈ ಮಾತ್ರೆ ನಾಟುವುದಿಲ್ಲ. ಕಾಡಂಚಿನಲ್ಲಿ ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೋ ಅರಣ್ಯದವರಿಗೋ ತಿಳಿಸಬೇಕು.

ಅಮೆರಿಕ, ಯುರೋಪಿನಲ್ಲಿ ಉಣ್ಣೆಯಿಂದ ಬರುವ ಲೈಮ್ ಅನ್ನುವ ಕಾಯಿಲೆ ಬಹಳ. ಲೈಮ್ ಅನ್ನುವುದು ಅಮೆರಿಕದ ಒಂದು ಊರು, 1975ರ ಸುಮಾರಿಗೆ ಅಲ್ಲಿನ ಮಕ್ಕಳಿಗೆ ಕೀಲು ಊದುವುದನ್ನು ಕಂಡು ಹುಡುಕಾಟ ಶುರುವಾಯಿತು. ಕಡಿದ ಜಾಗದ ಸುತ್ತ ಕೆಂಪಗೆ ಬಳೆಯ ಹಾಗೆ ಹರಡುತ್ತ ಹೋಗುತ್ತದೆ. ಬಿಟ್ಟರೆ ತಿಂಗಳುಗಳ ಮೇಲೆ ಕೀಲು, ನರ, ಹೃದಯಕ್ಕೆ ಹೋಗುತ್ತದೆ. ಅಲ್ಲಿಯೂ ಮೊದಲ ವಾರಗಳಲ್ಲಿ ರಕ್ತ ಪರೀಕ್ಷೆ ಸುಳ್ಳಾಡುತ್ತದೆ, ಆ ಕೆಂಪು ಬಳೆ ಕಂಡರೆ ಡಾಕ್ಟರು ಚೀಟಿ ಕಾಯದೆ ಔಷಧಿ ಕೊಡುತ್ತಾರೆ. ನಮ್ಮ ಬಂಡೀಪುರ, ನಾಗರಹೊಳೆ ಕಾಡಿನ ಕಡೆಯ ಜನರ ರಕ್ತದಲ್ಲೂ ಅದರ ಪ್ರತಿಕಾಯ ಸಿಕ್ಕಿರುವ ವರದಿ ಇದೆ.

ಹೊಲದಲ್ಲಿ ನಾವು ಬದಲಾಯಿಸಿಕೊಂಡದ್ದು

ಹುಲ್ಲು ಕುಯ್ಯದೆ ಕುರಿ ಸಾಕಲಿಕ್ಕೆ ಆಗುವುದಿಲ್ಲ. ಹಾಗಾಗಿ ಸಣ್ಣಪುಟ್ಟ ಬದಲಾವಣೆ ಅಷ್ಟೆ. ಈಗ ಇವಳು ಬದುವಿನ ಮೇಲೆ ಬರಿದೇ ಕೂರುವುದಿಲ್ಲ, ಗೊಬ್ಬರದ ಚೀಲ ಹಾಸಿಕೊಳ್ಳುತ್ತಾಳೆ. ಸೀರೆ ಮೇಲೆ ನನ್ನ ಹಳೇ ತುಂಬುತೋಳಿನ ಅಂಗಿ. ಬುತ್ತಿ ಉಣ್ಣುವುದು, ಮಧ್ಯಾಹ್ನ ತಲೆ ಹಾಕುವುದು ಹುಲ್ಲಿನ ಮೇಲಲ್ಲ, ಉತ್ತ ಜಾಗದಲ್ಲಿ. ಟವೆಲ್ಲು ಅಂಗಿ ಪೊದೆ ಮೇಲೆ ಒಗೆಯುವ ಚಾಳಿ ಬಿಟ್ಟೆವು. ಮನೆಗೆ ಬಂದ ಕೂಡಲೇ ಸೋಪು ಹಾಕಿ ಉಜ್ಜಿ ಸ್ನಾನ, ಉಟ್ಟ ಬಟ್ಟೆ ಬಿಸಿನೀರಿಗೆ. ಮರಿ ಕಚ್ಚಿಕೊಳ್ಳುವ ಜಾಗ ಹುಡುಕುತ್ತಿರುವಾಗಲೇ ಉಜ್ಜಿದರೆ ಉದುರಿ ಹೋಗುತ್ತದೆ. ನಾವು ಮೊದಲು ರಾತ್ರಿ ಊಟಕ್ಕೆ ಮುಂಚೆ ಮೀಯುತ್ತಿದ್ದೆವು, ಅಷ್ಟು ಹೊತ್ತು ಅದಕ್ಕೆ ಪುರಸೊತ್ತು ಕೊಟ್ಟ ಹಾಗೆ.

ಮನೆ ಹಿಂದೆ ಹುಲ್ಲಿನ ಮೆದೆ, ಸೌದೆ ರಾಶಿ, ಅದರ ಪಕ್ಕ ಲಂಟಾನ ಪೊದೆ ಇತ್ತು. ಇಲಿಗಳಿಗೆ ಅರಮನೆ. ಪೊದೆ ಕಡಿದೆ, ಮೆದೆಯನ್ನು ಕಲ್ಲಿನ ಮೇಲೆ ಎತ್ತರಿಸಿ ಒಟ್ಟಿದೆ. ಇಲಿ ಪೂರಾ ಹೋಗಿಲ್ಲ, ಕಮ್ಮಿಯಾಗಿದೆ.

ಇದಕ್ಕೆ ಲಸಿಕೆ ಇಲ್ಲ. ಒಂದು ಸಲ ಬಂದವರಿಗೆ ಮತ್ತೆ ಬರುವುದಿಲ್ಲ ಅನ್ನುವ ಹಾಗೂ ಇಲ್ಲ. ನನ್ನ ಹೆಂಡತಿಗೆ ನಿಶ್ಶಕ್ತಿ ಹೋಗಿ ಕುಡುಗೋಲು ಹಿಡಿಯುವುದಕ್ಕೆ ಎರಡು ತಿಂಗಳು ಬೇಕಾಯಿತು, ತಲೆಗೂದಲು ಅರ್ಧ ಉದುರಿ ಮತ್ತೆ ಬಂತು. ಸೊಂಟದಲ್ಲಿ ಆ ಕಲೆಯ ಗುರುತು ಈಗಲೂ ಸಣ್ಣಗೆ ಇದೆ. ಕುಯ್ಲಿಗೆ ಮುಯ್ಯಾಳು ಬಂದ ಹೆಂಗಸರಲ್ಲಿ ಯಾರಾದರೂ ಜ್ವರ ಅಂದರೆ, ಅವರನ್ನು ಕೊಟ್ಟಿಗೆ ಹಿಂದಕ್ಕೆ ಕರಕೊಂಡು ಹೋಗಿ ಅದನ್ನು ತೋರಿಸಿ, "ಇಂಥದ್ದು ಐತಾ ನೋಡ್ಕಳಮ್ಮಿ" ಅನ್ನುತ್ತಾಳೆ.